ಹೆಸರು ಹೇಳಿದರೆ ಮಾತ್ರ ಓಟು

ಬಿಳೂರಿನ ಕಿರಾಣಿ ಅಂಗಡಿಯ ಸೋಮನಿಂಗಪ್ಪನಿಗೆ ಲೋಕದ ಮೇಲೆ ಇದ್ದ ತಕರಾರು ಒಂದೇ. ಈ ಶ್ರಾವಣ ಮಾಸ ವರ್ಷವರ್ಷವೂ ಯಾಕೆ ಬರಬೇಕು? ಬಂದರೆ ಬರಲಿ, ಸೋಮವಾರಕ್ಕೊಮ್ಮೆ ಉಪವಾಸ ಹಾಕಲಿ, ಗುಡಿ ಸುತ್ತಿಸಲಿ, ಪುರಾಣ ಕೇಳಿಸಲಿ, ಅದಕ್ಕೆಲ್ಲ ಅವನು ತಯಾರಿದ್ದ. ಆದರೆ ಬರುವಾಗ ನಾಗರ ಪಂಚಮಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತದಲ್ಲ, ಅದು ಮಾತ್ರ ಅವನಿಗೆ ಸೇರುತ್ತಿರಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಹೆಣ್ಣುಮಕ್ಕಳು ಅಂದ ಮೇಲೆ ಅದರೊಳಗೆ ಅವನ ಹೆಂಡತಿ ಭಾಗವ್ವನೂ ಬಂದಳು. ಭಾಗವ್ವ ತವರೂರು ಉಟಗಿಯ ಹಾದಿ ಹಿಡಿದಳೆಂದರೆ ಸೋಮನಿಂಗಪ್ಪನ ರೊಟ್ಟಿ, ನಿದ್ದೆ, ಬುದ್ಧಿ ಮೂರೂ ಅದೇ ಬಂಡಿ ಹತ್ತಿ ಹೋಗುತ್ತಿದ್ದವು.

ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಂಡತಿಯ ಮೇಲೆ ಅವನಿಗೆ ಜೀವ. ಒಳಗೆ ಅವಳ ಬಳೆ ಸದ್ದು ಕೇಳಿಸದಿದ್ದರೆ ಹೊರಗೆ ಅಂಗಡಿಯಲ್ಲಿ ಅವನ ತಕ್ಕಡಿ ಕೂಡ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಇದನ್ನೇ ಬಾಯಿಬಿಟ್ಟು, "ನೀ ಇಲ್ಲಂದ್ರ ನನಗ ಹೊತ್ತ ಹೋಗಂಗಿಲ್ಲ" ಅಂದಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಡಸು ನೋಡಿ, ಹಾಗೆ ಹೇಳಿದರೆ ಮೀಸೆ ಉದುರಿಬೀಳುತ್ತದೆ ಅಂತ ತಿಳಿದವನು. ಅದಕ್ಕೇ ಪ್ರತಿ ಪಂಚಮಿಗೂ ಒಂದೊಂದು ನೆವ. ಹೋದ ವರ್ಷ ಎಮ್ಮೆ ಈಯುತ್ತದೆ ಅಂದ. (ಎಮ್ಮೆ ದಸರೆಗೆ ಈಯಿತು.) ಅದರ ಹಿಂದಿನ ವರ್ಷ ತಾಯಿಯ ಕೈನೋವು. ಅದಕ್ಕೂ ಹಿಂದೆ ಏನೂ ಸಿಗದೆ, "ಮಳಿ ಬರೂ ಹಂಗ ಕಾಣತೈತಿ" ಅಂದುಬಿಟ್ಟಿದ್ದ. ಮಳೆಗೇ ಬರವಿರುವ ಜತ್ತ ಸೀಮೆಯಲ್ಲಿ ಮಳೆಯ ನೆವ ಹೇಳಿ ಪಾರಾದವನು ಅವನೊಬ್ಬನೇ ಇರಬೇಕು.

ಈ ವರ್ಷ ನೆವ ಹುಡುಕುವುದಕ್ಕೂ ಬಿಡದೆ ಉಟಗಿಯಿಂದ ಭಾಗವ್ವನ ತಮ್ಮ ಶಿದ್ರಾಯ ಬಂಡಿ ಹೂಡಿಕೊಂಡು ಬಂದೇಬಿಟ್ಟ. ಎತ್ತಿಗೆ ಹೊಸ ಹಗ್ಗ, ಬಂಡಿಯಲ್ಲಿ ಮೆತ್ತಗೆ ಹಾಸಿದ ಕಣಿಕೆ, ಅದರ ಮೇಲೆ ಕೌದಿ. ಅಂಗಳದಲ್ಲಿ ನಿಂತೇ ಮಾತು ತೆಗೆದ.

"ಮಾಮಾ, ಅಕ್ಕನ್ನ ಕಳಸಿಕೊಡ್ರಿ. ಅವ್ವ ಹಾದಿ ನೋಡಿ ನೋಡಿ ಸಾಕಾಗ್ಯಾಳ. ಈ ಸಲ ಕರಕೊಂಡು ಬರಲಿಲ್ಲಂದ್ರ ನಿನಗೂ ಊಟ ಇಲ್ಲ ಅಂದಾಳ."

"ಕುಂದರೋ ಮೊದಲ, ನೀರ ಕುಡಿ," ಅಂದ ಸೋಮನಿಂಗಪ್ಪ. ಅವನ ಕಣ್ಣು ಆಗಲೇ ಆಕಾಶದ ಕಡೆಗೆ ಹೋಗಿತ್ತು. ದೇವರು ಕೂಡ ಒಮ್ಮೊಮ್ಮೆ ಗಂಡಸರ ಪಾರ್ಟಿ ಸೇರುತ್ತಾನೆ. ಶಿದ್ರಾಯ ನೀರು ಕುಡಿದು ತಂಬಿಗೆ ಕೆಳಗಿಡುವುದಕ್ಕೂ ಜಿಟಿಜಿಟಿ ಮಳೆ ಹಿಡಿಯುವುದಕ್ಕೂ ಸರಿಹೋಯಿತು.

"ನೋಡ್ದಿ? ಮಳಿ! ಎರಿ ಹೊಲದ ಹಾದಿ. ಗಾಲಿ ಹೂತ ಬಿಡ್ತಾವ. ನನಗೇನು ಕಳಸೂದು ಆಗಂಗಿಲ್ಲಂತಲ್ಲ, ಆದ್ರ..."

ಬಾಗಿಲ ಮರೆಯಲ್ಲಿ ನಿಂತಿದ್ದ ಭಾಗವ್ವ ಗಂಡನ ಕಡೆ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು: "ಅತ್ಯಾರ, ನಿಮ್ಮ ಮಗಗ ಹೇಳ್ರಿ. ನನ್ನ ಜೊತಿ ಆಡಿದ ಗೆಳತ್ಯಾರು ವರ್ಷಾ ಬಂದು ಜೋಕಾಲಿ ಆಡಿ ಹೋಗತಾರ. ಭಾಗಿ ಯಾಕ ಬರಲಿಲ್ಲ ಅಂತ ಕೇಳಿದ್ರ ನಮ್ಮವ್ವ ಏನ ಹೇಳಬೇಕು? ಎಮ್ಮಿ ಹೆಸರ ಹೇಳಬೇಕೇನು?" ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಸೋಮನಿಂಗಪ್ಪನ ತಾಯಿ ಸಿದ್ದಲಿಂಗವ್ವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಎಲೆ ಅಡಿಕೆ ಅಗಿಯುತ್ತ ಮಗನನ್ನು ನೋಡಿದಳು. ತಾಯಿ ತನ್ನ ಪಕ್ಷವೇ ಎಂಬುದು ಮಗನ ಪಕ್ಕಾ ನಂಬಿಕೆ. ಸೊಸೆ ಹೋದರೆ ರೊಟ್ಟಿ ಬಡಿಯುವ ಪಾಳಿ ಯಾರದು? ಆ ನೋಯುವ ಕೈಯದೇ ಅಲ್ಲವೆ?

ಮಳೆ ನಿಲ್ಲುವ ತನಕ ಹೊತ್ತು ಕಳೆಯಬೇಕಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಭರಮಣ್ಣ ತಲೆಯ ಮೇಲೆ ಕಂಬಳಿ ಹೊದ್ದು ಬಂದ. ಭರಮಣ್ಣನಿಗೆ ಕುರಿ ಹಿಂಡು ಇತ್ತು, ದೊಡ್ಡ ರುಮಾಲು ಇತ್ತು, ಬೀರವ್ವ ಎಂಬ ಹೆಂಡತಿಯೂ ಇದ್ದಳು. ಆ ಬೀರವ್ವ ಯಾರನ್ನೂ ಕೇಳದೆ ಮೊನ್ನೆಯೇ ತವರಿಗೆ ನಡೆದುಬಿಟ್ಟಿದ್ದಳು. ಅಂದಿನಿಂದ ಭರಮಣ್ಣನ ಎರಡು ಹೊತ್ತಿನ ಊಟ ಭಾಗವ್ವನ ಕೈಯದು. ಹೀಗಾಗಿ ಭಾಗವ್ವ ಊರಲ್ಲಿರುವುದು ಅವನಿಗೂ ಜೀವನ್ಮರಣದ ಪ್ರಶ್ನೆ. ಅವನು ಬಂದವನೇ ಅಂಗಳದ ಬಂಡಿ ನೋಡಿ ಮುಖ ಸಣ್ಣದು ಮಾಡಿಕೊಂಡ. "ಜಗಳ ಯಾಕ, ಎಲಿ ಆಡೂಣ ಬರ್ರಿ. ಗೆದ್ದವರ ಮಾತು ನಡೀಲಿ," ಅಂದ.

ಎಲಿ ಅಂದರೆ ಇಸ್ಪೀಟು. ಸೋಮನಿಂಗಪ್ಪನ ತಲೆಯಲ್ಲಿ ಆ ಕ್ಷಣಕ್ಕೆ ಕಂದೀಲು ಹತ್ತಿತು. ಕಳ್ಳ ಗುಲಾಮನ ಆಟ! ಆಟ ಸರಳ. ಎಲೆಗಳನ್ನು ಎಲ್ಲರಿಗೂ ಹಂಚಬೇಕು. (ಎರಡು ಎಲೆ ಇಲಿ ತಿಂದುಹೋಗಿದ್ದರಿಂದ ಐದು ಮಂದಿಗೆ ಸರಿಯಾಗಿ ಹಂಚಿಕೆಯಾಗುತ್ತಿತ್ತು. ಇಲಿಗೂ ಲೆಕ್ಕ ಬರುತ್ತದೆ.) ಒಬ್ಬೊಬ್ಬರೂ ಸರದಿಯಂತೆ ಒಂದೊಂದು ಎಲೆ ಕೆಳಗೆ ಹಾಕುತ್ತ ಹೋಗಬೇಕು. ನಾಲ್ಕು ಗುಲಾಮರಲ್ಲಿ ಕರಿಯ ಇಸ್ಪೀಟಿನ ಗುಲಾಮ ಯಾರಿಗೆ ಬಂದಿದೆಯೋ ಅವರು ಕಳ್ಳರು, ಅವರು ಅದನ್ನು ಕೊನೆಯ ತನಕ ಹಾಕದೆ ಉಳಿಸಿಕೊಳ್ಳಬೇಕು. ಎಲ್ಲರ ಹತ್ತಿರ ಒಂದೊಂದೇ ಎಲೆ ಉಳಿದಾಗ ಅದನ್ನು ಮೈಮೇಲೆ ಎಲ್ಲಾದರೂ ಬಚ್ಚಿಟ್ಟುಕೊಂಡು ಕೂತು, ಗುಲಾಮ ಯಾರ ಹತ್ತಿರ ಇದ್ದಾನೆ ಅಂತ ಓಟು ಹಾಕಬೇಕು. ಮೂರು ಓಟು ಬಿದ್ದವನು ಎಲೆ ತೋರಿಸಬೇಕು. ಕಳ್ಳ ಸಿಕ್ಕರೆ, ಕೊನೆಯ ಓಟು ಹಾಕಿ ಹಿಡಿದುಕೊಟ್ಟವರ ಮಾತು ನಡೆಯಬೇಕು. ತಪ್ಪಿಸಿಕೊಂಡರೆ ಕಳ್ಳನ ಮಾತು.

"ಈ ಮನ್ಯಾಗ ಗುಲಾಮ ಯಾರು ಅಂತ ಓಟು ಹಾಕಿ ಬ್ಯಾರೆ ತಿಳಕೋಬೇಕೇನೋ?" ಅಂದ ಭರಮಣ್ಣ. ಒಳಗಿನಿಂದ ಭಾಗವ್ವ ಕಿಸಕ್ಕನೆ ನಕ್ಕಳು. ಸೋಮನಿಂಗಪ್ಪ ಕೇಳಿಸದವನಂತೆ ಚಾಪೆ ಹಾಸಿದ.

ಐದೂ ಮಂದಿ ಕೂತರು. ಸೋಮನಿಂಗಪ್ಪ, ಅವನ ತಾಯಿ, ಭರಮಣ್ಣ, ಶಿದ್ರಾಯ, ಮತ್ತು ತಲೆಯ ಮೇಲೆ ಸೆರಗು ಎಳೆದುಕೊಂಡು ಅತ್ತೆಯ ಬೆನ್ನಿಗೆ ಆತು ಭಾಗವ್ವ. ಮೊದಲು ಒಂದು ಆಟ ಸುಮ್ಮನೆ ರೂಢಿಗೆಂದು ಆಡಿದರು. ಓಟಿನ ಹೊತ್ತು ಬಂದಿತೋ ಇಲ್ಲವೋ, ಪಡಸಾಲೆಯಲ್ಲಿ ಕೋಲಾಹಲ. ಸಿದ್ದಲಿಂಗವ್ವ "ಭರಮಣ್ಣ" ಅಂದಳು, ಭರಮಣ್ಣ ಹುಬ್ಬೇರಿಸಿದ ಕೂಡಲೆ "ಬ್ಯಾಡ, ಶಿದ್ರಾಯ" ಅಂದಳು, ಆಮೇಲೆ "ಇಬ್ಬರಿಗೂ ಅರ್ಧಾ ಅರ್ಧಾ ಬರಕೋ" ಅಂದಳು. ಶಿದ್ರಾಯ, "ನಾ ವಿಚಾರ ಮಾಡಿ ಹೇಳತೀನಿ" ಅಂತ ಬಾಯಿ ಮುಚ್ಚಿಕೊಂಡು ಕೂತವನು, ಭರಮಣ್ಣ ರುಮಾಲಿನಿಂದ ಗುಲಾಮನನ್ನು ಹೊರಗೆ ತೆಗೆದ ಮೇಲೆ, "ನಾ ಇದನ್ನ ಹೇಳಾಂವ ಇದ್ನಿ!" ಅಂತ ತೊಡೆ ತಟ್ಟಿದ.

"ಇದೇನು ಓಟೋ, ಸಂತಿಯೋ?" ಸೋಮನಿಂಗಪ್ಪ ಎದ್ದೇ ನಿಂತ. "ಓಟಿಗೆ ಒಂದು ರೀತಿ ಐತಿ, ಹೊತ್ತು ಐತಿ. ನನ್ನ ಕೇಳ್ರಿ!"

ಅವನನ್ನು ಕೇಳಲೇಬೇಕಿತ್ತು. ನಿನ್ನೆ ಮೊನ್ನೆಯ ತನಕ ಸಂಸ್ಥಾನದ ಪ್ರಜೆಗಳಾಗಿದ್ದ ಜನಕ್ಕೆ ಹೋದ ಚಳಿಗಾಲದಲ್ಲಷ್ಟೇ ಮೊದಲ ಸಲ ಓಟು ಬಂದಿತ್ತು. ಕನ್ನಡ ಮರಾಠಿ ಎರಡೂ ಓದಬಲ್ಲವನೆಂದು ಸೋಮನಿಂಗಪ್ಪನನ್ನು ಸಾಲೆಯ ಖೋಲಿಯಲ್ಲಿ ಓಟು ನಡೆಸಲು ಬಂದ ಮರಾಠಿ ಸಾಹೇಬನ ಬದಿಗೆ ನಿಲ್ಲಿಸಿದ್ದರು. ಬಂದ ಮಂದಿಯ ಹೆಸರು ಕೇಳಿ ಮರಾಠಿಯಲ್ಲಿ ಹೇಳುವುದು ಅವನ ಕೆಲಸ. ಗಂಡಸರದು ಸಲೀಸು. ಹೆಂಗಸರಿಗೆ "ಗಂಡನ ಹೆಸರೇನವಾ?" ಅಂದರೆ ಮುಗಿಯಿತು, ಬಾಯಿಗೆ ಸೆರಗು. ಗಂಡನ ಹೆಸರು ಹೇಳುವುದುಂಟೆ? ಒಬ್ಬಾಕೆಯಂತೂ ಭಾಳ ಒತ್ತಾಯ ಮಾಡಿದ ಮೇಲೆ, "ಕೈಲಾಸದಾಗ ಇರತಾನಲ್ಲರಿ, ಅಂವಾ" ಅಂದಳು. ಸೋಮನಿಂಗಪ್ಪ ಕೈಲಾಸವನ್ನು ಇದ್ದದ್ದು ಇದ್ದಂತೆ ಮರಾಠಿಗೆ ದಾಟಿಸಿದ. ಸಾಹೇಬ ಪಾಪ ಟೊಪ್ಪಿಗೆ ತೆಗೆದು ಆಕೆಗೆ ಸಮಾಧಾನದ ಮಾತು ಹೇಳಿದ. ಆಕೆಯ ಗಂಡ ಶಿವಗೊಂಡ ಹೊರಗೆ ಬೇವಿನ ಗಿಡದ ಕೆಳಗೆ ಚಿಲುಮೆ ಸೇದುತ್ತ ಆರಾಮಾಗಿ ಕೂತಿದ್ದ.

ಆವತ್ತಿನಿಂದ ಓಟಿನ ವಿಷಯದಲ್ಲಿ ಬಿಳೂರಿಗೆ ಸೋಮನಿಂಗಪ್ಪನೇ ಪಂಡಿತ. ಅವನು ಗೂಟಕ್ಕೆ ತೂಗುಹಾಕಿದ್ದ ಹಳೆಯ ಎತ್ತಿನ ಕೊರಳ ಗಂಟೆಯನ್ನು ಇಳಿಸಿಕೊಂಡು ಬಂದು, ನ್ಯಾಯಾಧೀಶನಂತೆ ಮುಂದಿಟ್ಟುಕೊಂಡ.

"ಕೇಳ್ರಿ. ನಾ ಒಂದನೇ ಗಂಟಿ ಹೊಡದ ಮ್ಯಾಲ ಓಟು ಚಾಲೂ. ಎರಡನೇ ಗಂಟಿ ಹೊಡದ್ರ ಓಟು ಬಂದ್. ಅದಕ್ಕಿಂತ ಮೊದಲ ಹಾಕಿದ್ದೂ ಖೋಟಾ, ಆಮ್ಯಾಲ ಹಾಕಿದ್ದೂ ಖೋಟಾ. ಒಬ್ಬರಿಗೆ ಒಂದ ಓಟು. ಬಾಯಿಂದ ಬಿದ್ದ ಓಟು ತಿರಗಿ ಬಾಯಾಗ ಹೋಗಂಗಿಲ್ಲ."

"ಗಂಟಿ ನೀನ ಯಾಕ ಹಿಡೀಬೇಕು?" ಅಂದಳು ತಾಯಿ.

"ಸರಕಾರಾನೂ ತನ್ನ ಗಂಟಿ ತಾನ ಹಿಡಕೋತೈತಿ, ಯವ್ವಾ."

ಎರಡನೆಯ ಆಟ. ಟಣ್ ಅಂತ ಗಂಟೆ ಬಾರಿಸಿದ. ಅಂಗಳದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಶಿದ್ರಾಯನ ಎತ್ತುಗಳು, ಹೊರಡುವ ಹೊತ್ತಾಯಿತೆಂದು ತಿಳಿದು ಎದ್ದು ನಿಂತವು. ಸಿದ್ದಲಿಂಗವ್ವನ ಬಾಯಿ ತುಂಬ ತಾಂಬೂಲ. "ಉಂ, ಉಂ" ಅನ್ನುತ್ತ ಬಾಗಿಲಿಗೆ ಹೋಗಿ, ಉಗುಳಿ, ಬಾಯಿ ಒರೆಸಿಕೊಂಡು, "ಶಿ..." ಅನ್ನುವಷ್ಟರಲ್ಲಿ ಮಗ ಎರಡನೆಯ ಗಂಟೆ ಬಾರಿಸಿಬಿಟ್ಟ. ಎತ್ತುಗಳು ಬೇಜಾರಾಗಿ ಮತ್ತೆ ಮಲಗಿದವು.

ಮುದುಕಿ ಕೆರಳಿದಳು. "ನನ್ನ ಬಾಯಾಗ ಹೆಸರ ಅರ್ಧಾ ಹೊರಗ ಬಂದಿತ್ತು! ಅರ್ಧಾ ಹೆಸರ ಕತ್ತರಸ್ತೀಯೇನೋ, ಭಾಡ್ಯಾ? ನನ್ನ ಓಟಿಗೆ ಕಿಮ್ಮತ್ತ ಇಲ್ಲಂದ್ರ ನಾ ಹಪ್ಪಳಾ ಒಣ ಹಾಕಾಕ ಹೋಗತೀನಿ."

"ಮಳ್ಯಾಗ ಹಪ್ಪಳಾ ಒಣಾ ಹಾಕತಿ?"

"ಹಾಕತೀನಿ!"

ತಾಯಿ ಎದ್ದು ಹೋದರೆ ಕೈಯಲ್ಲಿದ್ದ ಒಂದು ಓಟು ಹೋದಂತೆ. ಸೋಮನಿಂಗಪ್ಪ ತಕ್ಷಣ ಮೆತ್ತಗಾದ. "ಆತು, ತಿದ್ದುಪಡಿ ಮಾಡತೀನಿ. ಎರಡನೇ ಗಂಟಿ ಆಗೂದರೊಳಗ ಬಾಯಿ ತೆರದು ಮಾತು ಚಾಲೂ ಮಾಡಿದ್ರ, ಅವರ ಬಾಯಾಗಿಂದ ಹೆಸರು ಪೂರಾ ಬರೂತನಕ ಗಂಟಿ ಹೊಡಿಯಂಗಿಲ್ಲ. ಆತಿಲ್ಲೋ?"

"ಹಾಂ. ಇದು ಮಾತು," ಅಂದು ಸಿದ್ದಲಿಂಗವ್ವ ಮತ್ತೆ ಕೂತಳು.

ಈ ಗದ್ದಲದಲ್ಲಿ ಒಂದು ಸಂಗತಿ ಸೋಮನಿಂಗಪ್ಪನ ಕಣ್ಣಿಗೆ ಬಿದ್ದಿತ್ತು. ಭಾಗವ್ವ ಎರಡೂ ಸಲ ಓಟು ಹಾಕಿದ್ದು ಅವನಿಗೇ. ಆದರೆ ಹೇಗೆ? ಮೊದಲ ಸಲ ಗದ್ದ ಎತ್ತಿ ತೋರಿಸಿ. ಎರಡನೆಯ ಸಲ "ಇವರು" ಅಂದು. ಅವಳು ಅವನ ಹೆಸರನ್ನು ಎಂದೂ ಹೇಳಿದವಳಲ್ಲ. ಮದುವೆಯಾಗಿ ಮನೆ ತುಂಬಿಸಿಕೊಳ್ಳುವ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, "ಗಂಡನ ಹೆಸರ ಹೇಳಿ ಒಳಗ ಬಾ" ಅಂದಾಗಲೂ ಆ ಎಳೆಯ ಹುಡುಗಿ ಕತ್ತು ಬಗ್ಗಿಸಿ ನಿಂತೇ ಇದ್ದಳು. ಕೊನೆಗೆ ಸಿದ್ದಲಿಂಗವ್ವನೇ, "ಸಾಕ ಬಿಡ್ರೇ, ಕೂಸು ದಣದೈತಿ" ಅಂತ ಕೈ ಹಿಡಿದು ಒಳಗೆ ಕರೆದುಕೊಂಡಿದ್ದಳು. ಅವತ್ತು ಹೇಳದವಳು ಇವತ್ತು, ಅದೂ ಪರರ ಮುಂದೆ, ಇಸ್ಪೀಟಿನ ಚಾಪೆಯ ಮೇಲೆ ಹೇಳುತ್ತಾಳೆಯೆ?

ಸೋಮನಿಂಗಪ್ಪ ಗಂಟಲು ಸರಿಮಾಡಿಕೊಂಡ. "ಇನ್ನೊಂದು ಕಾಯ್ದೆ ಉಳೀತು. ಓಟು ಹಾಕೂವಾಗ ಹೆಸರು ಹೇಳಬೇಕು. ಇವರು, ಅವರು, ಮೂಲ್ಯಾಗ ಕುಂತಾರಲ್ಲ ಅವರು, ಇಂಥಾದ್ದು ನಡಿಯಂಗಿಲ್ಲ. ಗದ್ದಾ ಎತ್ತೂದು, ಹುಬ್ಬ ಹಾರಸೂದು ಬಿಲ್ಕುಲ್ ನಡಿಯಂಗಿಲ್ಲ. ಹೆಸರು ಹೇಳಿದರೆ ಮಾತ್ರ ಓಟು." ಕಡೆಯ ಮಾತನ್ನು ಅವನು ಪುಸ್ತಕದ ಭಾಷೆಯಲ್ಲೇ ಹೇಳಿದ. ಕಾಯ್ದೆಗೆ ತೂಕ ಬರಬೇಕಲ್ಲ.

ಶಿದ್ರಾಯ ಹೌಹಾರಿದ. "ಇದೆಂಥಾ ಅನ್ಯಾಯ ಮಾಮಾ! ಅಕ್ಕ ನಿಮ್ಮ ಹೆಸರ ಹೆಂಗ ಹೇಳಬೇಕು? ಈ ಕಾಯ್ದೆ ಬೇಕೋ ಬ್ಯಾಡೋ ಅಂತ ಮೊದಲ ಓಟಿಗೆ ಹಾಕ್ರಿ."

"ಓಟಿನ ಕಾಯ್ದೆ ಮ್ಯಾಲ ಓಟು ಹಾಕೂ ಕಾಯ್ದೆ ಇಲ್ಲ. ಸಾಲಿ ಖೋಲ್ಯಾಗ ಸಾಹೇಬರು ಹೆಸರ ಕೇಳಲಿಲ್ಲೇನು? ಸರಕಾರದ್ದ ಹಂಗ ಐತಿ."

ಶಿದ್ರಾಯ ಅಕ್ಕನ ಮುಖ ನೋಡಿದ. ಅಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ಅಡಿಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ, "ಇರಲಿ ಬಿಡೋ ಶಿದ್ರಾಯ. ಆಂವ ಹೇಳಿದಂಗ ಆಗಲಿ," ಅಂದಳು. ಹೊರಗೆ ಮಳೆ ಸಣ್ಣಗಾಗುತ್ತಿತ್ತು. ಇನ್ನು ಖರೆ ಆಟ. ಈ ಆಟದಲ್ಲಿ ನಡೆದದ್ದೇ ಕಡೆಯ ಮಾತು.

ಭರಮಣ್ಣ ಎಲೆ ಹಂಚಿದ. ಸೋಮನಿಂಗಪ್ಪ ಒಂದೊಂದೇ ಎಲೆ ಎತ್ತಿ ನೋಡುತ್ತ ಹೋದ. ಬದಾಮಿನ ರಾಣಿ, ಚೌಕಟಿನ ದಶಿ, ಮತ್ತೆ ಅಗೋ, ಕೊಂಕು ಮೀಸೆಯ ಇಸ್ಪೀಟಿನ ಗುಲಾಮ! ಮುಖದ ಮೇಲೆ ಏನೂ ತೋರಬಾರದೆಂದು ಅವನು ಹಲ್ಲು ಕಚ್ಚಿಕೊಂಡ. ಬಹಳ ಕಚ್ಚಿದ್ದರಿಂದ ಹಲ್ಲುನೋವು ಬಂದವನಂತೆ ಕಂಡ. ಎಲೆಗಳು ಒಂದೊಂದಾಗಿ ಬಿದ್ದವು. ಕೊನೆಗೆ ಎಲ್ಲರೂ ತಂತಮ್ಮ ಒಂಟಿ ಎಲೆ ಬಚ್ಚಿಟ್ಟುಕೊಂಡರು. ಭರಮಣ್ಣ ರುಮಾಲಿನಲ್ಲಿ, ಶಿದ್ರಾಯ ಅಂಗಿಯ ಕಿಸೆಯಲ್ಲಿ, ಸಿದ್ದಲಿಂಗವ್ವ ಎಲೆ ಅಡಿಕೆ ಸಂಚಿಯಲ್ಲಿ, ಭಾಗವ್ವ ಸೆರಗಿನ ಗಂಟಿನಲ್ಲಿ. ಸೋಮನಿಂಗಪ್ಪನಿಗೆ ಗಂಟೆ ಹಿಡಿಯಲು ಕೈ ಬೇಕಲ್ಲ, ಗುಲಾಮನನ್ನು ಎಡಗಾಲಿನ ಮಂಡಿಯ ಕೆಳಗೆ ಸರಿಸಿ ಗಟ್ಟಿಯಾಗಿ ಊರಿ ಕೂತ.

ಟಣ್! ಹೊರಗೆ ಎತ್ತುಗಳು ಎದ್ದು ನಿಂತವು.

"ಶಿದ್ರಾಯ," ಅಂದ ಭರಮಣ್ಣ. ಅನ್ನದ ಋಣ.

"ಶಿದ್ರಾಯ," ಅಂದ ಸೋಮನಿಂಗಪ್ಪ.

"ಸೋಮನಿಂಗಪ್ಪ ಮಾಮಾ," ಅಂದ ಶಿದ್ರಾಯ, ಹಲ್ಲು ಕಿರಿಯುತ್ತ.

ಎರಡಕ್ಕೆ ಒಂದು. ಇನ್ನು ತಾಯಿಯ ಓಟೊಂದು ಶಿದ್ರಾಯನ ಮೇಲೆ ಬಿದ್ದರೆ ಕಳ್ಳ ಪಾರು. ಸೋಮನಿಂಗಪ್ಪ ತಾಯಿಯ ಕಡೆ ಮುದ್ದು ಮಗನ ನಗೆ ನಕ್ಕ.

"ಸೋಮ್ಯಾ," ಅಂದಳು ತಾಯಿ.

"ಏನವ್ವಾ?"

"ಏನಿಲ್ಲ. ಅದು ನನ್ನ ಓಟು."

ಸೋಮನಿಂಗಪ್ಪನ ನಗೆ ಅರ್ಧಕ್ಕೇ ನಿಂತಿತು. "ಯವ್ವಾ! ಇಕಿ ಹೋದ್ರ ರೊಟ್ಟಿ ಯಾರ ಬಡೀಬೇಕು, ವಿಚಾರ ಮಾಡೀಯೇನು? ಅಲ್ಲದ, ಸೋಮ್ಯಾ ಅಂದ್ರ ಯಾರು? ಊರಾಗ ಸೋಮ್ಯಾ ಅನ್ನಾವರು ರಗಡ ಮಂದಿ ಅದಾರ. ಪೂರಾ ಹೆಸರ ಹೇಳಿಲ್ಲ. ಓಟು ಖೋಟಾ!"

"ಆ ಹೆಸರ ಇಟ್ಟಾಕಿ ನಾನ. ಉದ್ದ ಮಾಡಾಕಿನೂ ನಾನ, ಗಿಡ್ಡ ಮಾಡಾಕಿನೂ ನಾನ. ತೊಟ್ಟಲದಾಗ ಇದ್ದಾಗಿಂದ ನೋಡೀನಿ, ನಿನ್ನ ಹೊಟ್ಟ್ಯಾಗ ಏನರ ಮುಚ್ಚಿದ ಮಾತು ಇದ್ರ ಕಾಲು ಅಲಗಾಡತೈತಿ. ಅಗೋ ನೋಡು."

ಎಲ್ಲರೂ ನೋಡಿದರು. ಸೋಮನಿಂಗಪ್ಪನ ಎಡಮಂಡಿ ಹಾಡಿಗೆ ತಾಳ ಹಾಕಿದಂತೆ ಕುಣಿಯುತ್ತಿತ್ತು. ಅವನು ಕೈಯಿಂದ ಒತ್ತಿ ಹಿಡಿದ. ಕೈಯೂ ಕುಣಿಯತೊಡಗಿತು.

"ಆತು, ಆತು. ಎರಡಕ್ಕ ಎರಡು. ಕಳ್ಳನ್ನ ಹಿಡಿಯಾಕ ಮೂರು ಬೇಕು. ಇನ್ನ ಒಬ್ಬರಽ ಉಳದಾರ." ಅವನ ಧೈರ್ಯವೆಲ್ಲ ಹೆಂಡತಿಯ ನಾಚಿಕೆಯ ಮೇಲೆ ನಿಂತಿತ್ತು. ಮೀಸೆ ತಿರುವಿ, ಗಂಟೆ ಎತ್ತಿ ಹಿಡಿದು, ಬಹಳ ಉದಾರತೆಯಿಂದ ಅಂದ: "ಹೇಳವಾ. ಯಾರ ಹತ್ರ ಐತಿ? ಹೆಸರು ಹೇಳು."

ಭಾಗವ್ವ ನೆಲ ನೋಡಿದಳು. ಕತ್ತು ಬಗ್ಗಿತು. ಬಳೆಗಳನ್ನು ಹಿಂದೆ ಮುಂದೆ ಸರಿಸಿದಳು. ಶಿದ್ರಾಯ ಉಸಿರು ಬಿಗಿಹಿಡಿದ. ಮೂರು ವರ್ಷದ ಪಂಚಮಿ ಹೋಗಿತ್ತು, ಈ ವರ್ಷದ್ದೂ ಆ ಗಂಟೆಯ ನಾಲಗೆಗೆ ಕಟ್ಟಿಕೊಂಡು ತೂಗಾಡುತ್ತಿತ್ತು. ಸೋಮನಿಂಗಪ್ಪನಿಗೆ ಅವಳ ಬಗ್ಗಿದ ಕತ್ತು ನೋಡಿ ಒಳಗೆ ಒಂದು ಕಡೆ ಚುರ್ ಅಂದಿತು. ಆದರೂ ಗಂಟೆ ಮೇಲೆತ್ತಿದ.

ಆಗ ಭಾಗವ್ವ ಸೆರಗನ್ನು ನೆಟ್ಟಗೆ ಮಾಡಿಕೊಂಡು ಬಾಯಿ ತೆರೆದಳು.

"ಪಂಚಮಿ ಹಬ್ಬಕ್ಕ ಕಟ್ಟೇನಿ ಎಳ್ಳಿನ ಉಂಡಿ..."

ಒಡಪು! ಸೋಮನಿಂಗಪ್ಪ ದಂಗಾದ. ಗಂಡನ ಹೆಸರು ಬರೀ ಬಾಯಿಂದ ಹೇಳಬಾರದು, ಖರೆ. ಆದರೆ ಮದುವೆಯಲ್ಲಿ, ಕುಬಸದಲ್ಲಿ, ಆರತಿಯ ಮುಂದೆ, ಹಾಡಿನಂಥ ನಾಲ್ಕು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರು ಹೆಣೆದು ಹೇಳುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಓಟಿನ ಪಂಡಿತನಿಗೆ ಅದೊಂದು ಮರೆತುಹೋಗಿತ್ತು. ಅವನು ಗಡಬಡಿಸಿ ಗಂಟೆ ಬೀಸಿದ. ಸಿದ್ದಲಿಂಗವ್ವ ನೋಯುವ ಕೈಯನ್ನೇ ಚಾಚಿ ಗಂಟೆಯ ನಾಲಗೆ ಗಪ್ಪನೆ ಹಿಡಿದುಕೊಂಡಳು. (ಆ ಕೈಯಲ್ಲಿ ಅಷ್ಟು ಶಕ್ತಿ ಇದೆಯೆಂಬುದು ಮಗನಿಗೆ ಅಂದೇ ಗೊತ್ತಾದದ್ದು.)

"ಬಾಯಿ ತೆರದಾಳ. ಹೆಸರು ಪೂರಾ ಬರೂತನಕ ಗಂಟಿ ಇಲ್ಲ. ನಿಂದ ಕಾಯ್ದೆ. ಹೇಳು ತಂಗಿ ನೀ, ಗಡಿಬಿಡಿ ಮಾಡಬ್ಯಾಡ."

ಭಾಗವ್ವ ಗಡಿಬಿಡಿ ಮಾಡಲಿಲ್ಲ. ದನಿ ಈಗ ಏರಿತ್ತು.

"ಉಟಗ್ಯಾಗ ಹಾದಿ ನೋಡತಾಳ ಹಡದವ್ವ ತೆರದು ಕಿಂಡಿ,
ಗುಲಾಮನ್ನ ಮುಚ್ಚಿಕೊಂಡು ನಡಗತೈತಿ ಇಲ್ಲೊಂದು ಮಂಡಿ,
ಸೋಮನಿಂಗಪ್ಪನವರ ಹೆಸರು ಹೇಳತೀನಿ, ಬಿಡ್ರಿ ನನ್ನ ಬಂಡಿ!"

ಶಿದ್ರಾಯ ಹೋ ಅಂತ ಕೂಗಿದ. ಭರಮಣ್ಣ ಊಟ ಹೋದ ದುಃಖವನ್ನೂ ಮರೆತು, "ಭಲೆ ಮಗಳಽ!" ಅಂದುಬಿಟ್ಟ. ಸೋಮನಿಂಗಪ್ಪನೊಬ್ಬ ಮಾತ್ರ ಗಂಟೆ ಹಿಡಿದುಕೊಂಡು ಹಾಗೆಯೇ ಕೂತಿದ್ದ. ಸೋಲು, ಗೆಲುವು, ಕಾಯ್ದೆ ಯಾವುದೂ ಅವನ ತಲೆಯಲ್ಲಿರಲಿಲ್ಲ. ಊರವರು ದಿನಕ್ಕೆ ನೂರು ಸಲ ಕರೆಯುವ, ಉದ್ರಿ ಕೇಳುವಾಗ ಇನ್ನೂ ಮೆತ್ತಗೆ ಕರೆಯುವ ಅದೇ ಹೆಸರು. ಅದು ಅವಳ ಬಾಯಲ್ಲಿ ಇಷ್ಟು ಚೆಂದ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಿವಿ ಬಿಸಿಯಾದವು.

"ಇನ್ನೊಮ್ಮೆ ಹೇಳು," ಅಂದ ಸಣ್ಣ ದನಿಯಲ್ಲಿ.

"ಎರಡ ಸಲ ಹೇಳಿದ್ರ ಎರಡ ಓಟು ಆಗತಾವ್ರಿ. ಕಾಯ್ದೆದಾಗ ಬರಂಗಿಲ್ಲ," ಅಂದಳು ಭಾಗವ್ವ, ಮುಖ ಕೆಂಪಗೆ ಮಾಡಿಕೊಂಡು.

"ಕಾಲ ಎತ್ತೋ," ಅಂದಳು ತಾಯಿ. ಎತ್ತಿದ. ಮಳೆಗಾಲದ ಬೆವರಿಗೆ ಗುಲಾಮ ಮಂಡಿಗೆ ಅಂಟಿಕೊಂಡು, ಕಾಲಿನ ಜೊತೆಗೇ ಮೇಲೆದ್ದು ಬಂದು ಎಲ್ಲರಿಗೂ ದರ್ಶನ ಕೊಟ್ಟ.

"ಈಗ ಹಿಡದುಕೊಟ್ಟಾಕಿ ಮಾತು ನಡೀಬೇಕು. ಏನ ಬೇಕ ಕೇಳು ಅಕ್ಕಾ," ಅಂದ ಶಿದ್ರಾಯ.

ಭಾಗವ್ವ ಗಂಡನ ಕಡೆ ನೆಟ್ಟಗೆ ನೋಡಿದಳು. "ನನಗೇನೂ ಬ್ಯಾಡ್ರಿ. ಖುಶೀಲೆ ಒಮ್ಮೆ 'ಹೋಗಿ ಬಾ' ಅನ್ರಿ ಸಾಕು."

"ಹೋಗಿ ಬಾ," ಅಂದ ಸೋಮನಿಂಗಪ್ಪ. ಆಮೇಲೆ, ಮೀಸೆ ಉದುರಿದರೂ ಚಿಂತೆಯಿಲ್ಲವೆಂದು, "ಲಗೂನ ಬಾ," ಅಂತಲೂ ಸೇರಿಸಿದ. ಹೇಳಿದ ಮೇಲೆ ಎದೆ ಹಗುರಾಯಿತು. ಇಷ್ಟು ಸಣ್ಣ ಮಾತಿಗೆ ಎಮ್ಮೆಯನ್ನೆಲ್ಲ ಯಾಕೆ ನಡುವೆ ತಂದೆನೆಂದು ಅವನಿಗೇ ನಗೆ ಬಂತು.

ಮಳೆ ನಿಂತಿತ್ತು. ಎತ್ತುಗಳಂತೂ ಎದ್ದು ನಿಂತು ಬಹಳ ಹೊತ್ತಾಗಿತ್ತು. ಹೆಂಡತಿಯ ಸಾಮಾನು ತಾನೇ ಹೊತ್ತು ಬಂಡಿಯಲ್ಲಿ ಇಡಬೇಕೆಂದು ಸೋಮನಿಂಗಪ್ಪ ಉಮೇದಿಯಿಂದ ಅಂಗಳಕ್ಕೆ ಇಳಿದ. ನೋಡಿದರೆ, ಬಂಡಿಯಲ್ಲಿ ಕೌದಿಯ ಕೆಳಗೆ ಆಗಲೇ ಗಂಟು ಇತ್ತು. ಒಂದಲ್ಲ, ಎರಡು. ಉಂಡಿಯ ಡಬ್ಬಿಯೂ ಇತ್ತು. ಅವನು ಪಿಳಿಪಿಳಿ ನೋಡುತ್ತಿರುವಾಗಲೇ ಅವನ ತಾಯಿ ಹೊಸ ಇಳಕಲ್ಲ ಸೀರೆಯ ನೆರಿಗೆ ಎತ್ತಿ ಹಿಡಿದು, ಶಿದ್ರಾಯನ ಹೆಗಲ ಮೇಲೆ ಕೈಯಿಟ್ಟು ಬಂಡಿ ಹತ್ತಿ ಕೂತಳು.

"ಯವ್ವಾ! ನೀ ಎಲ್ಲಿಗೆ?"

"ನನಗ ತವರಿಲ್ಲೇನೋ? ಸ್ವಲ್ಪ ಸುತ್ತ ಆದರೂ ಶಿದ್ರಾಯ ತಿಕೋಂಡಿ ಮ್ಯಾಲೆ ಹಾದು ಅಲ್ಲೆ ನನ್ನ ಇಳಿಸಿ ಹೋಗತಾನ. ನನ್ನ ತಮ್ಮನ ಮಾರಿ ನೋಡಿ ಎಷ್ಟ ದಿನಾ ಆತು!"

"ನೀ ಹೋಗೂದಕ್ಕ ಓಟು ಎಲ್ಲಿ ಆಗೇತಿ?" ಸೋಮನಿಂಗಪ್ಪ ಗಂಟೆ ಹಿಡಿದ ಕೈಯನ್ನೇ ಎತ್ತಿ ಕೂಗಿದ.

"ಆಗೇತಪ್ಪ. ನಿನ್ನೆ ಉಂಡಿ ಕಟ್ಟೂವಾಗ ಒಲಿ ಮುಂದ ಆತು. ಇಬ್ಬರೂ ಹೋಗೂದು ಅಂತ ನಂದೊಂದು, ನಿನ್ನ ಹೇಣತೀದೊಂದು. ವಿರೋಧ ಯಾರೂ ಇರಲಿಲ್ಲ."

ಗಂಟೆ ಇವನ ಕೈಯಲ್ಲಿತ್ತು, ಗಂಟು ಅವರ ಕೈಯಲ್ಲಿತ್ತು. ಸೋಮನಿಂಗಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಹಂಗಾರ ಮುಂಜಾನಿಂದ ನನ್ನ ಕಡಿಂದ ಯಾಕ ಗಂಟಿ ಬಾರಿಸಿದ್ರಿ? ಅಷ್ಟ ಕಾಯ್ದೆ ಯಾಕ ಮಾಡಿಸಿದ್ರಿ?"

"ಮಳಿ ನಿಲ್ಲಬೇಕಿತ್ತಲ್ಲೋ, ತಮ್ಮಾ," ಅಂದಳು ಸಿದ್ದಲಿಂಗವ್ವ.

ಭಾಗವ್ವ ಬಂಡಿ ಹತ್ತುವ ಮುಂಚೆ ಗಂಡನ ಹತ್ತಿರ ಒಂದು ಗಳಿಗೆ ನಿಂತಳು. "ಅತ್ಯಾರು ಹಂಗ ಅಂತಾರ್ರಿ. ನೀವು ಹೋಗು ಅನ್ನದ ನಾ ಬಂಡಿ ಹತ್ತಂಗಿಲ್ಲ ಅಂತ ನಾ ಮೊದಲ ಹೇಳಿದ್ನಿ," ಅಂದಳು ಮೆಲ್ಲಗೆ. "ಹಬ್ಬದ ದಿನಾ ಉಟಗಿಗೆ ಬರ್ರಿ. ಜೋಕಾಲಿ ಕಟ್ಟಿರತಾರ. ಅಲ್ಲೆ ಎಲ್ಲಾರೂ ಹೆಸರ ಹೇಳಸ್ತಾರ."

ಬಂಡಿ ಹಸಿ ಮಣ್ಣಿನ ಮೇಲೆ ಗೆರೆ ಎಳೆಯುತ್ತ ಬೇವಿನ ಗಿಡದ ಹತ್ತಿರ ತಿರುಗಿತು. ಸೋಮನಿಂಗಪ್ಪ ಅಂಗಳದ ನಡುವೆ ನಿಂತು, ಹಬ್ಬಕ್ಕೆ ಇನ್ನೆಷ್ಟು ದಿನ ಉಳಿಯಿತೆಂದು ಬೆರಳು ಮಡಿಚುತ್ತಿದ್ದ. ಒಳಗೆ ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು ಬಂತು. ಹಿಂದೆಯೇ ಭರಮಣ್ಣನ ದನಿ.

"ಸೋಮ್ಯಾ! ಹಿಟ್ಟು ಸಿಕ್ತು. ನಾನಂತೂ ಕುರಿ ಕಾಯಾಂವ, ಉಣ್ಣಾಕ ಅಷ್ಟ ಬರತೈತಿ. ಲಗೂ ಬಾ, ರೊಟ್ಟಿ ಬಡಿ!"